ರಾಯಚೂರಿನ ಬಿಸಿಲಲ್ಲಿ ಕೋಳಿ ಭ್ರೂಣದ ರಕ್ತದ್ವೀಪಗಳು: ನನ್ನ ಅನುಭವ

ಏಪ್ರಿಲ್ ತಿಂಗಳ ರಾಯಚೂರಿನಲ್ಲಿ, ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ, ಕೋಳಿ ಭ್ರೂಣದಲ್ಲಿ ಮೊದಲ ರಕ್ತಕಣ ಹುಟ್ಟುವ ಜಾಗ, ಅಂದರೆ ರಕ್ತದ್ವೀಪಗಳನ್ನು, ತೋರಿಸುವುದು ಆಗದ ಮಾತು ಅಂದವರೇ ಹೆಚ್ಚು. ಆಗುತ್ತದೆ. ಕಳೆದ ಬ್ಯಾಚಿನ 24 ತತ್ತಿಗಳಲ್ಲಿ ಹದಿನೇಳೋ ಹದಿನೆಂಟೋ ಭ್ರೂಣಗಳು, ಹಿಮೋಗ್ಲೋಬಿನ್ ಇದ್ದಲ್ಲಿ ಬಣ್ಣ ಹಿಡಿಯುವ ಡಯಾನಿಸಿಡಿನ್‌ಗೆ ಚೊಕ್ಕವಾಗಿ ಕಂದು ತಿರುಗಿದವು. ಈ ಭಾಗದಲ್ಲಿ ಬೇಸಿಗೆಯಲ್ಲಿ ಇಷ್ಟು ತೆಗೆದವರನ್ನು ನಾನು ನೋಡಿಲ್ಲ.

ದುಡ್ಡು ಮೊದಲು ಹಾಳಾಗುವುದು ತತ್ತಿಯಲ್ಲೇ. ಕೇಜ್ ಫಾರಂಗಳಲ್ಲಿ ಹುಂಜ ಇರುವುದಿಲ್ಲ. ಆ ತತ್ತಿಗೆ ಎಷ್ಟು ಕಾವು ಕೊಟ್ಟರೂ ಕೊಳೆಯುತ್ತದೆಯೇ ಹೊರತು ಬೆಳೆಯುವುದಿಲ್ಲ. ಫಲಿತ ತತ್ತಿ ಎಂದು ಹೇಳಿ ಒಬ್ಬ ಸರಬರಾಜುದಾರ ಕೊಟ್ಟ ಎರಡು ಟ್ರೇ ಪೂರ್ತಿ ಕಸಕ್ಕೆ ಹೋಯಿತು. ಈಗ ಮಾನ್ವಿ ಕಡೆಯ ಹಳ್ಳಿಗಳ ಜವಾರಿ ತತ್ತಿಯೇ, ಒಂದಕ್ಕೆ 14-15 ರೂಪಾಯಿ. ತಂದ ಕೂಡಲೇ ಎರಡು ಒಡೆದು ನೋಡಬೇಕು: ಹಳದಿಯ ಮೇಲೆ ಸುಮಾರು 4 ಮಿ.ಮೀ. ಅಗಲದ ದುಂಡನೆ ಬಳೆ ಕಂಡರೆ ಫಲಿತ, ಅಂಕುಡೊಂಕಾದ ಸಣ್ಣ ಬಿಳಿ ಚುಕ್ಕೆ ಮಾತ್ರ ಇದ್ದರೆ ಅಲ್ಲ.

ಎರಡನೆಯ ಪೆಟ್ಟು ಸೆಕೆಯದು. 27 ಡಿಗ್ರಿ ದಾಟಿದರೆ ಭ್ರೂಣ ಒಳಗೇ ಅಡ್ಡಾದಿಡ್ಡಿ ಬೆಳೆಯತೊಡಗುತ್ತದೆ. ಬಸ್ಸಿನಲ್ಲಿ ಮಧ್ಯಾಹ್ನ ತಂದ ತತ್ತಿಗಳನ್ನು ಒಟ್ಟಿಗೆ ಕಾವಿಗಿಟ್ಟರೆ 30 ಗಂಟೆಗೆ ಒಂದರಲ್ಲಿ 4 ಸೊಮೈಟ್ (ಭ್ರೂಣದ ಬೆನ್ನಿನುದ್ದಕ್ಕೂ ಜೋಡಿಜೋಡಿಯಾಗಿ ಮೂಡುವ ಗಂಟುಗಳು), ಪಕ್ಕದ್ದರಲ್ಲಿ 12. ಮುಂಜಾನೆ ತರಬೇಕು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿಟ್ಟು 16-18 ಡಿಗ್ರಿಯಲ್ಲಿಡಬೇಕು. ಒದ್ದೆ ಮರಳಿನ ಹರವಿಯಲ್ಲಿಟ್ಟೂ ನೋಡಿದೆ. 25ಕ್ಕಿಂತ ಕೆಳಗೆ ಇಳಿಯಲಿಲ್ಲ, ಚಳಿಗಾಲಕ್ಕೆ ಮಾತ್ರ ಸರಿ.

ಇನ್‌ಕ್ಯುಬೇಟರ್ ಎಂದರೆ 40 ವ್ಯಾಟ್ ಬಲ್ಬಿನ ಥರ್ಮೋಕೋಲ್ ಪೆಟ್ಟಿಗೆ, ಡಿಜಿಟಲ್ ಥರ್ಮೋಸ್ಟಾಟ್, ಒಂದು ಬಟ್ಟಲು ನೀರು. ಎಲ್ಲ ಸೇರಿ 700 ರೂಪಾಯಿ ಆಗಿರಬೇಕು. 37.8ಕ್ಕೆ ಇಡುತ್ತೇನೆ. ಇಲ್ಲಿ ತೊಂದರೆ ಕಾವು ಸಾಲದ್ದಲ್ಲ, ಹೆಚ್ಚಾಗುವುದು: ಮಧ್ಯಾಹ್ನ ಕೋಣೆಯೇ 41 ಆದಾಗ ಬಲ್ಬ್ ಆರಿದ್ದರೂ ಪೆಟ್ಟಿಗೆ 39.5 ದಾಟುತ್ತದೆ, ನರನಾಳ ಮುಚ್ಚದ ಭ್ರೂಣಗಳು ಸಿಗುತ್ತವೆ. ಸಂಜೆ ಆರಕ್ಕೆ ತತ್ತಿ ಇಟ್ಟರೆ ಭ್ರೂಣ ತೆಗೆಯುವ 36ನೇ ಗಂಟೆ ಬರುವುದು ಮರುದಿನ ಕಳೆದು ಆಚೆ ಬೆಳಿಗ್ಗೆ ಆರಕ್ಕೆ. ನಡುವೆ ಒಂದೇ ಮಧ್ಯಾಹ್ನ. ಒಳಗೆ ನಾಲ್ಕು ಲೀಟರ್ ನೀರಿನ ಬಾಟಲಿ, ಅಡಿಗೆ ಒದ್ದೆ ಗೋಣಿತಟ್ಟು. ಆ ಮಧ್ಯಾಹ್ನ ದಾಟಿಸುವ ಇನ್ನೊಂದು ಹಿಕ್ಮತ್ತಿದೆ, ಅದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ. ಕರೆಂಟ್ ಎರಡು ಗಂಟೆ ಹೋದರೂ ಬಾಟಲಿಗಳು ತಡೆಯುತ್ತವೆ.

ಗಂಟೆ ನಂಬಬಾರದು, ಸೊಮೈಟ್ ಎಣಿಸಬೇಕು. 4 ಸೊಮೈಟ್ ಹೊತ್ತಿಗೆ ಭ್ರೂಣದ ಹಿಂಭಾಗದ ಏರಿಯಾ ಓಪೇಕಾದಲ್ಲಿ (ಸುತ್ತಲಿನ ಮಬ್ಬು ವಲಯ) ಕುದುರೆಲಾಳದ ಆಕಾರದಲ್ಲಿ ಮಚ್ಚೆಮಚ್ಚೆಯಾಗಿ ದ್ವೀಪಗಳು ಕಾಣುತ್ತವೆ, ಆದರೆ ಬಣ್ಣ ಹಿಡಿಯುವುದಿಲ್ಲ. ಹಿಮೋಗ್ಲೋಬಿನ್ ಇನ್ನೂ ಬಂದಿರುವುದಿಲ್ಲ. ನನ್ನ ಕೈಯಲ್ಲಿ 8-9 ಸೊಮೈಟ್‌ನಿಂದ ಹಿಡಿಯುತ್ತದೆ. 16-17 ದಾಟಿದರೆ ರಕ್ತ ಹರಿಯತೊಡಗಿ ಕಣಗಳು ಎಲ್ಲೆಡೆ ಚದುರುತ್ತವೆ, ಹುಟ್ಟಿದ ಜಾಗ ಯಾವುದೆಂದು ತೋರಿಸಲು ಆಗುವುದಿಲ್ಲ. ಈ ಎರಡರ ನಡುವೆಯೇ ತೆಗೆಯಬೇಕು.

ನಡುವೆ ತೂತಿರುವ ಫಿಲ್ಟರ್ ಪೇಪರ್ ಬಳೆಯನ್ನು ಭ್ರೂಣದ ಸುತ್ತ ಕೂರಿಸಿ, ಹೊರಗೆ ಕತ್ತರಿಸಿ, ಓರೆಯಾಗಿ ಎತ್ತಿ 0.72% ಸಲೈನ್‌ನಲ್ಲಿ ಹಳದಿ ತೊಳೆಯಬೇಕು. ಭ್ರೂಣದ ಮೇಲೆ ದಪ್ಪ ಬಿಳಿ ಉಳಿದರೆ ಪೇಪರ್ ಅಂಟುವುದಿಲ್ಲ. ಮೊದಲು ಟಿಶ್ಯೂ ತುಂಡಿನಿಂದ ಒರೆಸಿಬಿಡಿ. ಬಣ್ಣ 10 ಮಿ.ಲೀ.ಗೆ: 4 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿದ 6 ಮಿ.ಗ್ರಾಂ. ಆರ್ಥೋ-ಡಯಾನಿಸಿಡಿನ್, ಪಿಎಚ್ 4.5ರ 0.1 ಮೋಲಾರ್ ಸೋಡಿಯಂ ಅಸಿಟೇಟ್ 1 ಮಿ.ಲೀ., ಔಷಧಿ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡ್ 1.1 ಮಿ.ಲೀ., ಉಳಿದದ್ದು ಡಿಸ್ಟಿಲ್ಡ್ ನೀರು. ಕತ್ತಲಲ್ಲಿ 15 ನಿಮಿಷ. ಮೂರು ಬ್ಯಾಚ್ ಬಣ್ಣವೇ ಬರದೆ ಹೋಗಿದ್ದಕ್ಕೆ ಕಾರಣ ಸೆಕೆಯಲ್ಲಿ ಸತ್ವ ಕಳೆದುಕೊಂಡ ಪೆರಾಕ್ಸೈಡ್. ಅದಾದ ಮೇಲೆ ಪ್ರತಿ ಸಲ ಹೊಸ ಬಾಟಲಿ. ಡಯಾನಿಸಿಡಿನ್ ಕ್ಯಾನ್ಸರ್ ತರಬಲ್ಲ ವಸ್ತು: ಕೈಗವಸು ಬೇಕೇ ಬೇಕು, ಸಿಂಕಿಗೆ ಸುರಿಯಲೇಬಾರದು, ವಿದ್ಯಾರ್ಥಿಗಳ ಕೈಗೆ ಪುಡಿ ಕೊಡಲೇಬಾರದು.

ಒಮ್ಮೆ ರೋಹು ಮೀನಿನ ತತ್ತಿಯಲ್ಲೂ ಯತ್ನಿಸಿದೆ. ಒಂದು ದಿನದೊಳಗೇ ಒಡೆದು ಮರಿ ಓಡಾಡುತ್ತವೆ, ಹಿಡಿದು ಬಣ್ಣ ಹಾಕುವುದೇ ಸಾಹಸ. ಬಿಟ್ಟೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸುಳ್ಳು ಕಲಿಸಿದಂತೆ. ಯೋಕ್ ಸ್ಯಾಕಿನ (ಹಳದಿಯನ್ನು ಸುತ್ತುವ ಚೀಲ) ಈ ಮೊದಲ ರಕ್ತ ಬಾಳುವ ರಕ್ತವಲ್ಲ. 1975ರಲ್ಲಿ ಫ್ರಾನ್ಸ್‌ನ ಭ್ರೂಣಶಾಸ್ತ್ರಜ್ಞೆ ದಿಯೆತರ್ಲೆಂ-ಲಿಯೆವ್ರ್ ಕೋಳಿಯ ಯೋಕ್ ಸ್ಯಾಕಿನ ಮೇಲೆ ಕ್ವೇಲ್ (ಲಾವಕ್ಕಿ) ಭ್ರೂಣ ಕೂರಿಸಿ, ಕೊನೆಗೆ ಉಳಿಯುವ ರಕ್ತ ಭ್ರೂಣದ ಒಳಗಿನಿಂದಲೇ ಬರುತ್ತದೆ ಎಂದು ತೋರಿಸಿದರು. ಆ ಜಾಗ ಡಾರ್ಸಲ್ ಅಯೋರ್ಟಾದ (ಬೆನ್ನಿನುದ್ದದ ಮುಖ್ಯ ರಕ್ತನಾಳ) ತಳ. ಅದಕ್ಕೆ 72-80 ಗಂಟೆಯ ಭ್ರೂಣವನ್ನು ಬುವ್ಯಾ ದ್ರಾವಣದಲ್ಲಿ (ಅಂಗಾಂಶ ಕೆಡದಂತೆ ಹಿಡಿದಿಡುವ ದ್ರವ) ರಾತ್ರಿಯಿಡೀ ಇಟ್ಟು, ಮೇಣದಲ್ಲಿ ಕೂರಿಸಿ 7 ಮೈಕ್ರಾನ್ ಸೆಕ್ಷನ್ (ತೆಳು ಸೀಳು), ಹಿಮಟಾಕ್ಸಿಲಿನ್-ಇಯೊಸಿನ್ ಬಣ್ಣ. ಸೆಕೆಯಲ್ಲಿ ಮೇಣ ಮೆತ್ತಗಾಗಿ ರಿಬ್ಬನ್ ಸುರುಟುತ್ತದೆ. ಬ್ಲಾಕನ್ನು ಹತ್ತು ನಿಮಿಷ ಐಸ್ ಮೇಲಿಟ್ಟು ನಸುಕಿನಲ್ಲೇ ಕತ್ತರಿಸಬೇಕು. ತಳದ ಗೋಡೆಗೆ ಅಂಟಿ ಒಳಕ್ಕೆ ಉಬ್ಬಿದ ದುಂಡು ಕಣಗಳ ಗುಂಪು ಕಂಡರೆ ಅದೇ. ಅಯೋರ್ಟಾದ ಮೇಲ್ಗಡೆ ಕಂಡರೆ ಅದು ರಕ್ತಗಟ್ಟಿ, ಲೆಕ್ಕಕ್ಕಿಲ್ಲ. ಹತ್ತು ಭ್ರೂಣದಲ್ಲಿ ನಾಲ್ಕರಲ್ಲಿ ಸಿಕ್ಕಿತು.

ಈ ಎರಡು ರಕ್ತಗಳ ವ್ಯತ್ಯಾಸ ತೋರಿಸಲು 4ನೇ ಮತ್ತು 9ನೇ ದಿನದ ರಕ್ತದ ಸ್ಮಿಯರ್ (ಗಾಜಿನ ಮೇಲಿನ ತೆಳು ಲೇಪ) ಜೋಡಿಸಿಡುವುದು ಅಗ್ಗದ ದಾರಿ. ಮೊದಲಿನವು ದೊಡ್ಡವು, ದುಂಡನೆಯವು. ಆಮೇಲಿನವು ಚಿಕ್ಕವು, ಅಂಡಾಕಾರದವು. ನ್ಯೂಕ್ಲಿಯಸ್ ಎರಡರಲ್ಲೂ ಇರುತ್ತದೆ, ಹಕ್ಕಿಯಲ್ಲವೇ. ಸ್ಮಿಯರಿಗೆ ಹಾಕುವ ಬಣ್ಣವಾದ ಲೀಶ್ಮನ್‌ಗೆ ಬೋರ್‌ವೆಲ್ ನೀರು ಹಾಕಿದರೆ ಎಲ್ಲ ನೀಲಿ, ಪಿಎಚ್ 6.8ರ ಬಫರ್ ನೀರೇ ಬೇಕು.