ಡೊಂಬಿವಲಿಯಲ್ಲಿ ಅಪ್ಪೆಮಿಡಿ ನಿಂತಿತು

"ಮುಂಬಯಿ ಹವೆಗೆ ಅಪ್ಪೆಮಿಡಿ ನಿಲ್ಲೋದಿಲ್ಲ, ದುಡ್ಡು ಹಾಳು ಮಾಡ್ಕೋಬೇಡ" ಅಂತ ಅತ್ತೆಯೂ ಹೇಳಿದ್ದರು, ಅತ್ತಿಗೆಯೂ ಹೇಳಿದ್ದರು. ಅಪ್ಪೆಮಿಡಿ ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ. ನಮ್ಮ ಡೊಂಬಿವಲಿ ಮನೆಯ ಉಪ್ಪಿನಕಾಯಿ ಭರಣಿ ಈಗ ಎರಡು ಮಳೆಗಾಲ ದಾಟಿದೆ. ಮಿಡಿ ಇನ್ನೂ ಕಚ್ಚಿದರೆ ಕಟುಂ ಅನ್ನುತ್ತದೆ.

ಮೊದಲ ವರ್ಷ ಶಿರಸಿಯಿಂದ ರಾತ್ರಿ ಬಸ್ಸಿನಲ್ಲಿ ತರಿಸಿದ ಸುಮಾರು 1000 ಮಿಡಿ ಬಾಡಿ ಬಂದಿದ್ದವು. ರಾತ್ರಿಯಿಡೀ ನೀರಿನಲ್ಲಿ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿದ್ದವು, ಖುಷಿಯೋ ಖುಷಿ. ಆದರೆ ಕುಡಿದ ನೀರನ್ನೆಲ್ಲ ಆಮೇಲೆ ಭರಣಿಯಲ್ಲೇ ಬಿಟ್ಟವು. ಉಪ್ಪುನೀರು ತೆಳುವಾಯಿತು. ಜೂನ್ ಹೊತ್ತಿಗೆ ಬೂಷ್ಟು. ಬಸ್ಸಿನ ಬಾಡಿಗೆ ಸೇರಿ ಹತ್ತಿರ ಹತ್ತಿರ 4000 ರೂಪಾಯಿ ಹೋಯಿತು. ಆ ದಿನ ಅತ್ತೇಬಿಟ್ಟೆ.

ಎರಡನೇ ವರ್ಷ ಮನೆಯವರ ಬಿಪಿ ನೆನೆದು ಉಪ್ಪು ಅರ್ಧ ಮಾಡಿದೆ. ಮಿಡಿ ಸರಿಯಾಗಿ ಸುಕ್ಕಲೇ ಇಲ್ಲ, ಮೆತ್ತಗಾಗಿ ಕೊಳೆತವು. ಮೂರನೇ ವರ್ಷ 500 ಮಾತ್ರ ತರಿಸಿ ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆ. ಕೆಡಲಿಲ್ಲ, ಆದರೆ ಬಾಯಿಗಿಟ್ಟರೆ ಬೇಯಿಸಿದ ತರಕಾರಿ.

ನರ್ಸ್ ಆಗಿರುವ ಮಗಳೇ ಬಿಡಿಸಿ ಹೇಳಿದ್ದು. ಶಾಲೆಯಲ್ಲಿ ಅಭಿಸರಣೆ ಅಂತ ಓದಿದ್ದೆವಲ್ಲ, ಅದೇ ಆಟ. ಜೀವಕೋಶದ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೊರಗೆ ಉಪ್ಪು ಜಾಸ್ತಿಯಿದ್ದರೆ ಒಳಗಿನ ನೀರು ಹೊರಗೆ ಬರುತ್ತದೆ. ಬೂಷ್ಟಿಗೂ ಹಾಗೇ, ಅದರ ನೀರೂ ಹೋಗಿ ಬೆಳೆಯಲಾರದು. ನನ್ನ ಬಿಸಿನೀರು ಪೊರೆಯನ್ನೇ ಹಾಳು ಮಾಡಿತ್ತು.

"ಹಾಗಾದ್ರೆ ನೀರಲ್ಲಿಟ್ಟ ಮಿಡಿ ಉಬ್ಬಿ ಒಡೀಲಿಲ್ಲ ಯಾಕೆ?" ಅಂದೆ. ಗಿಡಮರಗಳ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿ ಗೋಡೆ ಇದೆಯಂತೆ. ನಮ್ಮ ಕೆಂಪು ರಕ್ತಕಣಕ್ಕೆ ಅದಿಲ್ಲ. ಬರೀ ನೀರಿಗೆ ಬಿದ್ದರೆ ಉಬ್ಬಿ ಒಡೆಯುತ್ತದೆ. ಅದಕ್ಕೇ ಡ್ರಿಪ್ಪಿನ ಸಲೈನಿನಲ್ಲಿ 100 ಮಿಲಿಗೆ 0.9 ಗ್ರಾಂ ಉಪ್ಪು. ನಂಬಿಕೆಗೆ ಪಕ್ಕದ ಮನೆ ಹುಡುಗನ ಜೊತೆ ಮೊಟ್ಟೆಯನ್ನು 2 ದಿನ ವಿನಿಗರ್‌ನಲ್ಲಿಟ್ಟು ಚಿಪ್ಪು ಕರಗಿಸಿದೆ. ನೀರಿನಲ್ಲಿ ಉಬ್ಬಿತು, ಸಕ್ಕರೆ ಪಾಕದಲ್ಲಿ ಕುಗ್ಗಿ ಜೋತುಬಿತ್ತು. ಅಷ್ಟರಲ್ಲಿ 3 ಮೊಟ್ಟೆ ಒಡೆದಿದ್ದವು.

ನಾಲ್ಕನೇ ವರ್ಷ ಹಟ ಹಿಡಿದೆ. ಹೊರಗಿನ ನೀರು ಒಂದು ತೊಟ್ಟೂ ಬೇಡ. ಒರೆಸಿದ ಮಿಡಿಯನ್ನು ಫ್ಯಾನಿನ ಕೆಳಗೆ ಬಟ್ಟೆ ಮೇಲೆ ಹರಡಿ ಒಣಗಿಸಿದೆ. 4 ಕಿಲೋಗೆ 1 ಕಿಲೋದಷ್ಟು ಹರಳುಪ್ಪು, ಒಂದು ಪದರ ಮಿಡಿ, ಒಂದು ಪದರ ಉಪ್ಪು, ಮೇಲೆ ಭಾರ. 3 ದಿನಕ್ಕೆ ನೀರು ತಾನಾಗಿ ಮೇಲೆ ಬಂತು. 10-12 ದಿನಕ್ಕೆ ಮಿಡಿ ಅಜ್ಜಿಯ ಕೈಯಂತೆ ಸುಕ್ಕಿತು. ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು ರುಬ್ಬಿದೆ. ಮಿಕ್ಸಿ ಜಾರ್ ತೊಳೆದ ನೀರು ಹಾಕುವವರಿದ್ದಾರೆ, ದಯವಿಟ್ಟು ಬೇಡ. ಹದ ಕೆಡುವುದೇ ಅಲ್ಲಿ.

ಭರಣಿಯ ಬಾಯಿಗೆ ಏನು ಹಾಕಿ ಕಟ್ಟುತ್ತೇನೆ ಅನ್ನುವುದು ನನ್ನಲ್ಲೇ ಇರಲಿ, ಅತ್ತಿಗೆಗೂ ಹೇಳಿಲ್ಲ.

ಹೋದ ತಿಂಗಳು ಬಂದಿದ್ದ ಅತ್ತೆ, ವಾಪಸ್ ಶಿರಸಿಗೆ ಹೋಗುವಾಗ ಒಂದು ಬಾಟಲಿ ತುಂಬಿಸಿಕೊಂಡು ಹೋದರು.