ಹೆಬ್ಬೆರಳಿಗೆ ರಜೆ, ಬಾಯಿಗೆ ಕೆಲಸ

ದಿನವಿಡೀ ಫೋನಿನಲ್ಲೇ ಟೈಪ್ ಮಾಡುವ ಕೆಲಸ ನನ್ನದು. ಹೆಬ್ಬೆರಳಿನ ಬುಡದಲ್ಲಿ ಶುರುವಾದ ನೋವು ಮಣಿಕಟ್ಟಿನವರೆಗೂ ಬಂತು. ಸ್ವಲ್ಪ ದಿನ ಫೋನ್ ಮುಟ್ಟಬೇಡಿ ಅಂದರು ಡಾಕ್ಟರ್. ಅದೇನು ಆಗೋ ಮಾತಾ? ಅಲ್ಲಿಯವರೆಗೆ ಮಳೆ ಬರುತ್ತಾ ಅಂತ ಕೇಳುವುದಕ್ಕಷ್ಟೇ ಬಳಸುತ್ತಿದ್ದ ವಾಯ್ಸ್ ಅಸಿಸ್ಟೆಂಟನ್ನು ಆಗ ನಿಜವಾದ ಕೆಲಸಕ್ಕೆ ಹಚ್ಚಿದೆ. ನೋವು ಹೋಯಿತು, ಅಭ್ಯಾಸ ಉಳಿಯಿತು.

ಯಾವ ಅಸಿಸ್ಟೆಂಟ್ ಒಳ್ಳೆಯದು ಅಂತ ಜಾಸ್ತಿ ಜನ ಕೇಳುತ್ತಾರೆ. ಸಿರಿ 2011ರಲ್ಲಿ ಐಫೋನ್ 4ಎಸ್ ಜೊತೆ ಬಂತು. ಗೂಗಲ್ ಅಸಿಸ್ಟೆಂಟ್ 2016ರಲ್ಲಿ, ಸ್ಯಾಮ್‌ಸಂಗ್‌ನ ಬಿಕ್ಸ್‌ಬಿ 2017ರಲ್ಲಿ. ಅಲಾರಂ, ಟೈಮರ್, ಕರೆ, ರಿಮೈಂಡರ್ ಇಷ್ಟರ ಮಟ್ಟಿಗೆ ನನಗೆ ಇವುಗಳಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ನಮ್ಮ ಫೋನನ್ನು ನಾವು ಎಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದೇವೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಅದಕ್ಕೆ ನಾನು ಮೊದಲು ಕೈ ಹಾಕಿದ್ದು ಕಾಂಟ್ಯಾಕ್ಟ್ಸ್‌ಗೆ. ನನ್ನ ಫೋನಿನಲ್ಲಿ 'ಪ್ರಕಾಶ್', 'ಪ್ರಕಾಶ್ 2', 'ಪ್ರಕಾಶ್ ಹೊಸ ನಂ.', 'ಪ್ರಕಾಶ್ ಎಲೆ.' ಅಂತ ನಾಲ್ಕು ಹೆಸರಿದ್ದವು. ಕಣ್ಣಿನಲ್ಲಿ ನೋಡಿ ಒತ್ತುವವರಿಗೆ ಇದರಿಂದ ತೊಂದರೆ ಇಲ್ಲ. ಬಾಯಲ್ಲಿ 'ಪ್ರಕಾಶ್‌ಗೆ ಕಾಲ್ ಮಾಡು' ಅಂದರೆ ಯಾವ ಪ್ರಕಾಶ್ ಅಂತ ಅದು ಪಟ್ಟಿ ಓದಲು ಶುರು ಮಾಡುತ್ತದೆ. ಅದರಲ್ಲೂ 'ಎಲೆ.' ಅನ್ನುವುದನ್ನು ಹೇಗೆ ಕೂಗಿ ಹೇಳುವುದು? ಒಂದು ಭಾನುವಾರ ಕೂತು, ನಾನು ಅವರನ್ನು ಬಾಯಲ್ಲಿ ಹೇಗೆ ಕರೆಯುತ್ತೇನೋ ಹಾಗೇ ಬದಲಾಯಿಸಿದೆ. ಪ್ರಕಾಶ್ ಮಾವ, ಆಫೀಸ್ ಪ್ರಕಾಶ್, ಎಲೆಕ್ಟ್ರಿಷಿಯನ್ ಪ್ರಕಾಶ್. ಒಬ್ಬರಿಗೇ ಎರಡು ನಂಬರ್ ಇದ್ದ ಕಡೆ ಒಂದನ್ನು ಡೀಫಾಲ್ಟ್ ಮಾಡಿದೆ. ಹೆಸರಿನ ಮುಂದಿದ್ದ ಹೂವು, ಹೃದಯದ ಇಮೋಜಿಗಳನ್ನೆಲ್ಲ ಕಿತ್ತು ಹಾಕಿದೆ. ಇಂಗ್ಲಿಷ್ ಅಕ್ಷರದಲ್ಲಿ ಸೇವ್ ಆದ ನಮ್ಮ ಹೆಸರುಗಳನ್ನು ಅಸಿಸ್ಟೆಂಟ್ ತನಗೆ ತೋಚಿದ ಹಾಗೆ ಓದಿಕೊಳ್ಳುತ್ತದೆ. ಕಾಂಟ್ಯಾಕ್ಟ್ ಎಡಿಟ್ ಮಾಡುವಾಗ ಕೆಳಗೆ ಇನ್ನಷ್ಟು ಫೀಲ್ಡ್‌ಗಳನ್ನು ತೆರೆದರೆ ಫೊನೆಟಿಕ್ ನೇಮ್ ಅಂತ ಒಂದು ಜಾಗ ಇರುತ್ತದೆ. ಹೆಸರನ್ನು ಉಚ್ಚರಿಸುವ ರೀತಿ ಅಲ್ಲಿ ಬರೆದರೆ ಸಾಕು. ಐಫೋನಿನಲ್ಲೂ ಇದೆ, ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲೂ ಇದೆ. ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ ಅಷ್ಟೇ. ಸಿರಿ ಬಳಸುವವರು 'ಇವರು ನನ್ನ ಅಕ್ಕ' ಅಂತ ಒಮ್ಮೆ ಹೇಳಿಕೊಟ್ಟರೆ ಆಮೇಲೆ 'ಅಕ್ಕನಿಗೆ ಕಾಲ್ ಮಾಡು' ಅನ್ನುವ ಅರ್ಥದ ಮಾತು ಅದಕ್ಕೆ ಸಾಕಾಗುತ್ತದೆ.

ಎರಡನೆಯದು, ಕರೆದಾಗ ಓಗೊಡದ ಸಮಸ್ಯೆ. 'ಹೇ ಗೂಗಲ್', 'ಹೇ ಸಿರಿ' ಅನ್ನುವುದನ್ನು ಗುರುತಿಸುವ ಕೆಲಸ ಫೋನ್ ಒಳಗೇ ನಡೆಯುತ್ತದೆ. ಜಾಸ್ತಿ ಕರೆಂಟ್ ತಿನ್ನದ ಒಂದು ಸಣ್ಣ ಭಾಗ ಸದಾ ಕಿವಿ ತೆರೆದಿರುತ್ತದೆ. ಆ ಪದ ಬಿದ್ದ ಮೇಲೆ ಮಾತ್ರ ಉಳಿದ ಭಾಗ ಎದ್ದು ಕೂರುತ್ತದೆ. ಆಂಡ್ರಾಯ್ಡ್‌ನಲ್ಲಿ ಬ್ಯಾಟರಿ ಸೇವರ್ ಹಾಕಿದರೆ ಈ ಕಿವಿಯೇ ಮುಚ್ಚಿಕೊಳ್ಳುತ್ತದೆ. ಐಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರೂ ಅದು ಸುಮ್ಮನಿರುತ್ತದೆ. ಬೇಡವೆಂದರೆ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು. 'ನನ್ನ ಫೋನ್ ಕೇಳಿಸಿಕೊಳ್ಳುವುದೇ ಇಲ್ಲ' ಅನ್ನುವವರ ಫೋನ್ ನೋಡಿ, ಎಷ್ಟೋ ಸಲ ಇವೆರಡರಲ್ಲಿ ಒಂದು ಇರುತ್ತದೆ.

ಇನ್ನು ಮಾತಾಡುವ ರೀತಿ. ಮೊದಲೇ ಯೋಚಿಸಿ, ನಿಲ್ಲಿಸದೆ ಒಂದೇ ಉಸಿರಿಗೆ ಹೇಳಬೇಕು. ಸ್ವಲ್ಪ ಹೊತ್ತು ಮೌನ ಆದರೆ ಮಾತು ಮುಗಿಯಿತು ಅಂತ ಅದು ಅಂದುಕೊಳ್ಳುತ್ತದೆ. 'ನಾಳೆ... ಅಲ್ಲ, ನಾಡಿದ್ದು... ಇರು, ಎಷ್ಟು ಗಂಟೆಗೆ' ಅಂತ ತಡವರಿಸಿದರೆ 'ನಾಳೆ' ಅಂತಲೇ ರಿಮೈಂಡರ್ ಬೀಳುತ್ತದೆ. ಬರೀ ಆರು ಗಂಟೆ ಅನ್ನಬಾರದು, ಬೆಳಿಗ್ಗೆ ಆರೋ ಸಂಜೆ ಆರೋ ಸೇರಿಸಿ ಹೇಳಬೇಕು. ರಿಮೈಂಡರ್ ವಿಷಯವೂ ಅಷ್ಟೇ. 'ಫೈಲ್ ನೆನಪಿಸು' ಅಂದಿದ್ದರೆ ಸಂಜೆ ಹೊತ್ತಿಗೆ ಯಾವ ಫೈಲ್ ಅಂತ ನನಗೇ ಗೊತ್ತಿರುವುದಿಲ್ಲ. ಈಗ 'ಬಾಡಿಗೆ ಕರಾರಿನ ಸ್ಕ್ಯಾನ್ ಕಳಿಸುವುದು' ಅಂತ ಪೂರ್ತಿ ಹೇಳುತ್ತೇನೆ.

ಉದ್ದ ಮೆಸೇಜ್‌ಗೆ ಅಸಿಸ್ಟೆಂಟ್ ಬೇಡವೇ ಬೇಡ. ಕೀಬೋರ್ಡಿನ ಮೈಕ್ ಒತ್ತಿ ಹೇಳುವುದೇ ಮೇಲು. ಗೂಗಲ್‌ನ ಜಿಬೋರ್ಡ್‌ನಲ್ಲಿ ಕನ್ನಡದ ವಾಯ್ಸ್ ಟೈಪಿಂಗ್ 2017ರಿಂದ ಇದೆ. ಸಾಮಾನ್ಯ ಮಾತು ಚೆನ್ನಾಗಿಯೇ ಬರುತ್ತದೆ. ಅಪರೂಪದ ಹೆಸರು ಬಂದಾಗ ಎಡವುತ್ತದೆ, ಯಾಕೆಂದರೆ ಅದು ಕೇಳಿದ ಸದ್ದಿಗೆ ಹತ್ತಿರವಿರುವ, ಜಾಸ್ತಿ ಬಳಕೆಯ ಪದವನ್ನೇ ಆರಿಸಿಕೊಳ್ಳುತ್ತದೆ. ಹೀಗಾಗಿ ಒಂದು ಪದವನ್ನು ಬಿಡಿಬಿಡಿಯಾಗಿ ಮತ್ತೆ ಮತ್ತೆ ಕೂಗುವುದರಲ್ಲಿ ಪ್ರಯೋಜನವಿಲ್ಲ. ಇಡೀ ವಾಕ್ಯವನ್ನು ಹೇಳಿದರೆ ಸುತ್ತಲಿನ ಪದಗಳ ನೆರವಿನಿಂದ ಸರಿಯಾಗಿ ಬರುವ ಸಾಧ್ಯತೆ ಜಾಸ್ತಿ. ಕಳಿಸುವ ಮುಂಚೆ ಒಮ್ಮೆ ಕಣ್ಣಾಡಿಸಲೇಬೇಕು. 'ಬರ್ತೀನಿ' ಮತ್ತು 'ಬರಲ್ಲ' ಅದಲುಬದಲಾದರೆ ಕಥೆ ಏನು!

ಕೆಲವು ಆ್ಯಪ್‌ಗಳಿಗೆ ಅಸಿಸ್ಟೆಂಟ್ ಕೈ ಹೋಗುವುದೇ ಇಲ್ಲ. ಆಂಡ್ರಾಯ್ಡ್‌ನ ವಾಯ್ಸ್ ಆಕ್ಸೆಸ್, ಐಫೋನಿಗೆ 2019ರಲ್ಲಿ ಅದರ ಸಾಫ್ಟ್‌ವೇರ್ ಐಒಎಸ್ 13ರ ಜೊತೆ ಬಂದ ವಾಯ್ಸ್ ಕಂಟ್ರೋಲ್ ಇರುವುದು ಇದಕ್ಕೇ. ಪರದೆಯ ಮೇಲಿನ ಒಂದೊಂದು ಬಟನ್‌ಗೂ ನಂಬರ್ ಹಾಕಿಸಿಕೊಂಡು, ಇಂಗ್ಲಿಷಿನಲ್ಲಿ 'ಟ್ಯಾಪ್ ಸೆವೆನ್' ಅಂದರೆ ಏಳನೆಯದು ಒತ್ತುತ್ತದೆ. ನಿಧಾನ, ಹೌದು. ಆದರೆ ಕೈ ಆಡದಿದ್ದ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಇದೇ. ಕೈ ನೋವಿರುವ ಯಾರಿಗಾದರೂ ಮೊದಲು ಇದನ್ನೇ ತೋರಿಸುತ್ತೇನೆ.

2024ರಲ್ಲಿ ಗೂಗಲ್‌ನ ಎಐ ಅಸಿಸ್ಟೆಂಟ್ ಜೆಮಿನೈ ಬಂದ ಮೇಲೆ ಫೋನಿನ ಜೊತೆ ಹರಟೆ ಹೊಡೆಯುವುದು ಸುಲಭವಾಗಿದೆ. ಸುತ್ತಿಬಳಸಿ ಕೇಳಿದರೂ ಅರ್ಥ ಮಾಡಿಕೊಳ್ಳುತ್ತದೆ. ನನಗೆ ಹರಟೆ ಬೇಡ. ಟೈಮರ್ ಇಡು ಅಂದರೆ ಇಟ್ಟು ಸುಮ್ಮನಾಗುವವರು ಬೇಕು.

ರೆಕಾರ್ಡಿಂಗ್ ವಿಷಯ ಬಿಡುವ ಹಾಗಿಲ್ಲ. ಬಳಕೆದಾರರ ಧ್ವನಿಯ ತುಣುಕುಗಳನ್ನು ಗುತ್ತಿಗೆ ನೌಕರರು ಕೇಳುತ್ತಿದ್ದಾರೆ ಅನ್ನುವುದು 2019ರಲ್ಲಿ ಬಯಲಾಯಿತು. ಆಪಲ್ ಅದೇ ವರ್ಷ ಕ್ಷಮೆ ಕೇಳಿ, ಬಳಕೆದಾರರು ಒಪ್ಪಿದರೆ ಮಾತ್ರ ಅಂತ ನಿಯಮ ಬದಲಾಯಿಸಿತು. ಗೂಗಲ್ ಖಾತೆಯ ಮೈ ಆಕ್ಟಿವಿಟಿ ಪುಟದಲ್ಲಿ ನಮ್ಮ ಇತಿಹಾಸ ನೋಡಬಹುದು, ಅಳಿಸಬಹುದು. ತಾನಾಗಿಯೇ ಅಳಿಸುವ ಹಾಗೆ ನಾನು ಇಟ್ಟಿದ್ದೇನೆ. ನಿಮ್ಮ ಫೋನಿನಲ್ಲಿ ಎಷ್ಟು ಕೆಲಸ ಒಳಗೇ ನಡೆಯುತ್ತದೆ ಅಂತ ತಿಳಿಯಬೇಕಾ? ಫ್ಲೈಟ್ ಮೋಡ್ ಹಾಕಿ ಟೈಮರ್ ಇಡಲು ಹೇಳಿ ನೋಡಿ. ಐಒಎಸ್ 15ರ ನಂತರದ ಐಫೋನ್‌ಗಳು, ಚಿಪ್ ತೀರಾ ಹಳೆಯದಲ್ಲದಿದ್ದರೆ, ಇಂಥವನ್ನು ಇಂಟರ್ನೆಟ್ ಇಲ್ಲದೆಯೂ ಮಾಡುತ್ತವೆ.

ಕೊನೆಗೆ ಲಾಕ್ ಸ್ಕ್ರೀನ್. ನಮ್ಮ ಧ್ವನಿ ಕಲಿಸಿದ ಮಾತ್ರಕ್ಕೆ ಅದು ಬೀಗ ಆಗುವುದಿಲ್ಲ. ಹತ್ತಿರದ ಧ್ವನಿಗೋ ರೆಕಾರ್ಡಿಂಗಿಗೋ ತೆರೆದುಕೊಳ್ಳಬಹುದು. ಹಾಗಾಗಿ ಲಾಕ್ ಆಗಿರುವಾಗ ಮೆಸೇಜ್ ಓದುವುದು, ಕ್ಯಾಲೆಂಡರ್ ಹೇಳುವುದು ಎರಡನ್ನೂ ಆಫ್ ಮಾಡಿದ್ದೇನೆ. ಅಲಾರಂ, ಟೈಮರ್ ಮಾತ್ರ ಬಿಟ್ಟಿದ್ದೇನೆ. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಫೋನ್ ಲಾಕ್ ಮಾಡಿ ಮನೆಯವರ ಕೈಗೆ ಕೊಡಿ, 'ನನ್ನ ಮೆಸೇಜ್ ಓದು' ಅಂತ ಅವರೇ ಕೇಳಲಿ. ಓದಿಬಿಟ್ಟರೆ ಮತ್ತೆ ಸೆಟ್ಟಿಂಗ್‌ಗೆ ಹೋಗಿ.