ಗಾಜಿನ ಬಟ್ಟಲಿನ ಮೀನಿಗೆ ಕಾನೂನಿನ ಆಸರೆ ಕೊಡಿಸುವುದು ಹೇಗೆ

ಹದಿನೆಂಟು ವರ್ಷಗಳಿಂದ ಹುಬ್ಬಳ್ಳಿ–ಧಾರವಾಡದ ಮನೆ, ಹೋಟೆಲು, ಆಸ್ಪತ್ರೆಗಳ ಮೀನಿನ ತೊಟ್ಟಿಗಳನ್ನು ಶುಚಿ ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆ. ಸ್ಕೂಟರಿನ ಮೇಲೆ ಎರಡು ಬಕೆಟ್, ನೀರೆಳೆಯುವ ಪೈಪು, ಹಳೆಯ ಟೂತ್‌ಬ್ರಷ್, ಅಮೋನಿಯಾ ಪರೀಕ್ಷೆಯ ಕಿಟ್ಟು ಇವೇ ನನ್ನ ಸಾಮಾನು. ನಾಲ್ಕು ವರ್ಷದ ಹಿಂದೆ ಇವುಗಳ ಜೊತೆಗೆ ಒಂದು ಅಳತೆ ಟೇಪು ಮತ್ತು ಒಂದು ತೆಳು ಪುಸ್ತಕ ಸೇರಿಕೊಂಡವು. ಪುಸ್ತಕ ಯಾವುದೆಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ.

ಅದನ್ನು ಕೊಟ್ಟವರು ನನ್ನ ಗಿರಾಕಿಯಾದ ವಕೀಲರು. ಅವರ ಕಚೇರಿಯ ತೊಟ್ಟಿ ತೊಳೆಯುತ್ತ, “ಮೀನಿಗೂ ಕಾನೂನು ಇದೆಯೇ ಸಾಹೇಬರೇ?” ಎಂದು ಕೇಳಿದ್ದೆ. ಅವರು ಕಪಾಟಿನಿಂದ ಪುಸ್ತಕ ತೆಗೆದು ಎರಡನೆಯ ಕಲಮಿನ ಮೇಲೆ ಬೆರಳಿಟ್ಟರು. ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಬೇರೆ ಯಾವುದೇ ಜೀವಿ ಎಂದಿತ್ತು. ನಾಯಿ, ಹಸು ಎಂದು ಪಟ್ಟಿ ಮಾಡಿರಲಿಲ್ಲ. ನನ್ನ ಕೈಯಲ್ಲಿ ಸಾಯುತ್ತಿದ್ದ ಮೀನುಗಳೆಲ್ಲ ಆ ಒಂದು ಸಾಲಿನೊಳಗೆ ಇದ್ದವು.

ಈ ಕಾನೂನಿನಿಂದ ಮೀನಿಗೆ ಉಪಯೋಗವಿದೆಯೇ ಎಂದು ಹಲವರು ಕೇಳುತ್ತಾರೆ. ಇದೆ. ಆದರೆ ಕಾನೂನಿನಲ್ಲಿರುವುದು ‘ಸಾಕಷ್ಟು’ ಎಂಬ ಒಂದು ಮಾತು ಮಾತ್ರ. ಅದನ್ನು ಸೆಂಟಿಮೀಟರಿಗೆ, ಲೀಟರಿಗೆ ಇಳಿಸಿಕೊಡುವ ಕೆಲಸ ಮೀನು ಬಲ್ಲವರದು. ಆ ಕೆಲಸವನ್ನು ಹೇಗೆ ಮಾಡುವುದೆಂದು ಇಲ್ಲಿ ಬರೆಯುತ್ತೇನೆ.

ಯಾವ ಕಲಂ ಓದಬೇಕು

ಮೂರನೆಯ ಕಲಂ, ಪ್ರಾಣಿಯನ್ನು ಇಟ್ಟುಕೊಂಡವರು ಅದರ ಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವು ಆಗದಂತೆ ತಡೆಯಬೇಕು ಎನ್ನುತ್ತದೆ. ಹನ್ನೊಂದನೆಯ ಕಲಂ ಅಪರಾಧಗಳ ಪಟ್ಟಿ. ಅದರಲ್ಲಿ ನಮಗೆ ಮುಖ್ಯವಾದದ್ದು 11(1)(ಇ). ಪ್ರಾಣಿಗೆ ಓಡಾಡಲು ತಕ್ಕ ಅವಕಾಶವಾಗುವಷ್ಟು ಎತ್ತರ, ಉದ್ದ, ಅಗಲ ಇಲ್ಲದ ಪಂಜರದಲ್ಲಾಗಲಿ ಬೇರಾವುದೇ ಪಾತ್ರೆಯಲ್ಲಾಗಲಿ ಇಡುವುದು ಅಪರಾಧ. ‘ಪಾತ್ರೆ’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಗಾಜಿನ ಬಟ್ಟಲು, ಪ್ಲಾಸ್ಟಿಕ್ ಲೋಟ, ಬಾಟಲಿ ಎಲ್ಲವೂ ಅದರಲ್ಲಿ ಬರುತ್ತವೆ. ನೋವಾಗುವಂತೆ ಸಾಗಿಸುವುದು (ಡಿ), ಸಾಕಷ್ಟು ಆಹಾರ, ಆಸರೆ ಕೊಡದಿರುವುದು (ಎಚ್), ತಕ್ಕ ಕಾರಣವಿಲ್ಲದೆ ಬಿಟ್ಟುಬಿಡುವುದು (ಐ), ಹಸಿವು, ಇಕ್ಕಟ್ಟುಗಳಿಂದ ನರಳುತ್ತಿರುವ ಪ್ರಾಣಿಯನ್ನು ಮಾರಾಟಕ್ಕಿಡುವುದು (ಕೆ) ಇವೂ ಅದೇ ಪಟ್ಟಿಯಲ್ಲಿವೆ.

ಶಿಕ್ಷೆಯ ಭಾಗ ಓದಿದಾಗ ನನಗೆ ತುಂಬ ಬೇಸರವಾಯಿತು. ಮೊದಲ ಸಲದ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಒಂದು ಫೈಟರ್ (ಬೆಟ್ಟಾ) ಮೀನಿನ ಬೆಲೆಯೇ ಐವತ್ತು ರೂಪಾಯಿಗಿಂತ ಹೆಚ್ಚು. ಹೀಗಾಗಿ ದಂಡದ ಭಯ ತೋರಿಸಲು ಹೋಗಬೇಡಿ. ಕಾನೂನಿನ ಹೆಸರಿನಲ್ಲಿ ಒಂದು ಅಳತೆ ಮೇಜಿನ ಮೇಲೆ ಬಂದರೆ ಕೆಲಸ ಮಾಡುವುದು ಆ ಅಳತೆ. ಇದನ್ನು ನಾನು ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಲಿತೆ.

ಅಳೆಯುವುದು

ಆ ಆಸ್ಪತ್ರೆಯ ಸ್ವಾಗತ ಮೇಜಿನ ಮೇಲೆ ದುಂಡನೆಯ ಗಾಜಿನ ಬಟ್ಟಲಿತ್ತು, ಅದರಲ್ಲಿ ಎರಡು ಗೋಲ್ಡ್ ಫಿಶ್. ನೀರನ್ನು ಕುತ್ತಿಗೆಯವರೆಗೆ ತುಂಬಿದ್ದರು. ನೋಡಲು ಚಂದ, ಆದರೆ ಬಾಯಿ ಕಿರಿದಾದಷ್ಟೂ ನೀರಿಗೆ ಗಾಳಿ ತಾಗುವ ಜಾಗ ಕಡಿಮೆ. ಮೀನುಗಳು ಎರಡೂ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. “ಹಸಿವಾಗಿದೆ” ಎಂದು ಅಲ್ಲಿನ ಹುಡುಗಿ ಮತ್ತಷ್ಟು ಕಾಳು ಹಾಕುತ್ತಿದ್ದಳು. ನಾನು ಐದು ಮಿಲಿಲೀಟರ್ ನೀರನ್ನು ಗಾಜಿನ ಕೊಳವೆಗೆ ತೆಗೆದುಕೊಂಡು ಪರೀಕ್ಷೆಯ ಹನಿಗಳನ್ನು ಬಿಟ್ಟೆ. ಅಮೋನಿಯಾ ಇಲ್ಲದ ನೀರು ಹಳದಿಯಾಗಿಯೇ ಉಳಿಯಬೇಕು. ನಾಲ್ಕೈದು ನಿಮಿಷದಲ್ಲಿ ಅದು ಕರಿಬೇವಿನ ಎಲೆಯ ಹಸಿರಿಗೆ ತಿರುಗಿತು. ಮೀನು ಕಿವಿರುಗಳಿಂದಲೇ ಅಮೋನಿಯಾ ಹೊರಬಿಡುತ್ತದೆ. ಹೊರಬಿಟ್ಟದ್ದು ಹೋಗಲು ದಾರಿಯಿಲ್ಲದಿದ್ದರೆ ಅದೇ ಕಿವಿರನ್ನು ಸುಡುತ್ತದೆ. ಹತ್ತಿರ ಬಗ್ಗಿ ನೋಡಿದರೆ ಬಿಳಿ ಬಾಲದ ರೆಕ್ಕೆಯಲ್ಲಿ ಕೆಂಪು ನೂಲಿನಂತಹ ಗೆರೆಗಳು ಎದ್ದಿದ್ದವು.

ಬಟ್ಟಲಿನ ಅಡ್ಡಳತೆ 25 ಸೆಂಟಿಮೀಟರ್. ಒಟ್ಟು ಎಂಟು ಲೀಟರಿನಷ್ಟು ನೀರು. ಮೀನು ತಲಾ ಏಳು ಸೆಂಟಿಮೀಟರ್. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ಕೆಳಗೆ 11(1)(ಇ) ಎಂದು ಸೇರಿಸಿ, ಕೊಳವೆಯನ್ನೂ ಹಿಡಿದುಕೊಂಡು ಡಾಕ್ಟರ ಬಳಿ ಹೋದೆ. ಅವರು ಕೆಟ್ಟವರಲ್ಲ, ಯಾರೋ ಕೊಟ್ಟ ಉಡುಗೊರೆಯನ್ನು ಇಟ್ಟುಕೊಂಡಿದ್ದರು. ಚೀಟಿ ಓದಿ ಒಂದೇ ಪ್ರಶ್ನೆ ಕೇಳಿದರು: “ಹಾಗಾದರೆ ಎಷ್ಟಿದ್ದರೆ ಸಾಕು?” ಕಾಯ್ದೆಯಲ್ಲಿ ಅದಕ್ಕೆ ಉತ್ತರವಿಲ್ಲ. ನನ್ನ ಬಳಿ ಇತ್ತು. ಎರಡು ಗೋಲ್ಡ್ ಫಿಶ್‌ಗೆ ನೂರು ಲೀಟರಿಗೆ ಕಡಿಮೆ ನಾನು ಇಡುವುದಿಲ್ಲ. ಅವು ಒಂದು ಗೇಣು ಬೆಳೆಯುವ, ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲ ಮೀನುಗಳು. ಹದಿನೈದು ದಿನದಲ್ಲಿ 90 ಸೆಂಟಿಮೀಟರ್ ಉದ್ದ, 35 ಅಗಲ, 40 ಎತ್ತರದ ತೊಟ್ಟಿ ಬಂತು. ಮೀನುಗಳಲ್ಲಿ ಒಂದು ಈಗಲೂ ಇದೆ.

ನೀವು ಅಳೆಯುವಾಗ ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ, ಲೀಟರು ಸಿಗುತ್ತದೆ. ಮೀನಿನ ಉದ್ದ, ಎಷ್ಟು ಮೀನು, ಮುಚ್ಚಳ ಇದೆಯೇ, ಫಿಲ್ಟರ್ ಓಡುತ್ತಿದೆಯೇ, ಸತ್ತ ಮೀನು ತೇಲುತ್ತಿದೆಯೇ ಎಂಬುದನ್ನು ದಿನಾಂಕ ಸಹಿತ ಬರೆಯಿರಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಹಿಡಿಯಿರಿ. ಸಿಟ್ಟಿನ ಮಾತು ಒಂದೂ ಬೇಡ.

ಅಂಗಡಿಗೆ ಹೋದಾಗ

ಮೊದಲು ಮಾತು, ಆಮೇಲೆ ಅರ್ಜಿ. ಫೈಟರ್ ಮೀನುಗಳನ್ನು ಚಹಾ ಲೋಟದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒಂದರ ಮೇಲೊಂದು ಪೇರಿಸಿದ ಅಂಗಡಿಗಳನ್ನು ನೀವೂ ನೋಡಿರುತ್ತೀರಿ. ಅಂಗಡಿಯವರ ವಾದ ಯಾವಾಗಲೂ ಒಂದೇ, ಈ ಮೀನು ಗಾಳಿ ಕುಡಿಯುತ್ತದೆ, ನೀರು ಎಷ್ಟಿದ್ದರೇನು ಎಂದು. ಅರ್ಧ ನಿಜ. ಫೈಟರ್‌ಗೆ ಮೇಲಿನ ಗಾಳಿಯನ್ನು ಉಸಿರಾಡುವ ಅಂಗವಿದೆ. ಆದರೆ ಗಾಳಿ ಕುಡಿದ ಮಾತ್ರಕ್ಕೆ ಅಮೋನಿಯಾದಿಂದ ಬಿಡುಗಡೆಯಿಲ್ಲ, ಧಾರವಾಡದ ಚಳಿಗಾಲದ ರಾತ್ರಿಯಲ್ಲಿ ಒಂದು ಲೋಟ ನೀರು ತಣ್ಣಗಾಗುವ ವೇಗವೂ ತಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು 24ರಿಂದ 28 ಡಿಗ್ರಿ. ಮೀನಿಗೆ ನೋವೇ ಆಗುವುದಿಲ್ಲ ಎನ್ನುವವರಿಗೆ, ವಿಜ್ಞಾನಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು 2003ರಲ್ಲೇ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವು ಗ್ರಹಿಸುವ ನರತುದಿಗಳನ್ನು ತೋರಿಸಿಕೊಟ್ಟದ್ದನ್ನು ಹೇಳಿ.

ಅಂಗಡಿಯವನ ಕಷ್ಟವನ್ನೂ ಕೇಳಿಸಿಕೊಳ್ಳಿ. 2017ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಮೀನಿನ ಅಂಗಡಿಗಳಿಗಾಗಿಯೇ ನಿಯಮ ತಂದಿತ್ತು. ದುಂಡು ಬಟ್ಟಲಿನಲ್ಲಿ ಮೀನು ಇಡಬಾರದು ಎಂದು ಅದರಲ್ಲಿತ್ತು. ಅದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು. ಆದರೆ ಅದೇ ನಿಯಮ 158 ಜಾತಿಯ ಮೀನುಗಳ ಮಾರಾಟ ನಿಲ್ಲಿಸಲು ಹೊರಟಿತು, ಪೂರ್ಣಾವಧಿ ಪರಿಣತರನ್ನು ಇಟ್ಟುಕೊಳ್ಳಬೇಕು ಎಂದಿತು. ಹತ್ತು ಅಡಿಯ ಅಂಗಡಿಯಲ್ಲಿ ಅದು ಸಾಧ್ಯವೇ? ವ್ಯಾಪಾರಿಗಳು ತಿರುಗಿಬಿದ್ದರು, ಕೊನೆಗೆ ನಿಯಮವನ್ನೇ ಹಿಂತೆಗೆದುಕೊಳ್ಳಲಾಯಿತು. ಬಟ್ಟಲಿನ ನಿಷೇಧವೂ ಅದರ ಜೊತೆ ಹೋಯಿತು. ಅದೊಂದನ್ನೇ ಬೇರೆಯಾಗಿ ತಂದಿದ್ದರೆ ಉಳಿಯುತ್ತಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ನಾಯಿ, ಬೆಕ್ಕು, ಮೊಲ, ಇಲಿ ಜಾತಿ, ಪಂಜರದ ಹಕ್ಕಿಗಳಿವೆ, ಮೀನಿನ ಹೆಸರಿಲ್ಲ. ಇಟಲಿಯ ಮೊಂಝಾ 2004ರಲ್ಲಿ, ರೋಮ್ 2005ರಲ್ಲಿ ನಗರದ ಮಟ್ಟದಲ್ಲೇ ದುಂಡು ಬಟ್ಟಲನ್ನು ನಿಷೇಧಿಸಿದವು. ನಮ್ಮ ನಗರಗಳಲ್ಲೂ ಅಂಥದ್ದೊಂದು ಬರುವವರೆಗೆ 1960ರ ಕಾಯ್ದೆಯೇ ನಮ್ಮ ಆಧಾರ.

ಅರ್ಜಿ ಬರೆಯುವುದು

ಮಾತಿಗೆ ಬಗ್ಗದಿದ್ದರೆ ಅರ್ಜಿ. ದಿನ ಎಣಿಸಿಕೊಳ್ಳಿ, ಏಕೆಂದರೆ 36ನೆಯ ಕಲಮಿನ ಪ್ರಕಾರ ಅಪರಾಧ ನಡೆದ ಮೂರು ತಿಂಗಳ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಒಂದು ಅಂಗಡಿಯ ವಿಷಯದಲ್ಲಿ ಇದು ಗೊತ್ತಿಲ್ಲದೆ ನಾನು ಅವಧಿ ಕಳೆದುಕೊಂಡೆ. 11(1)(ಇ) ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಲ್ಲ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯೂ ಆಗದು. ಠಾಣೆಯಲ್ಲಿ ದೂರನ್ನು ಪುಸ್ತಕದಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಬಳಿ ಹೋಗಿ ಎನ್ನುತ್ತಾರೆ. ಅದು ಉಡಾಫೆಯಲ್ಲ, ಕ್ರಮವೇ ಹಾಗಿದೆ. ಆದ್ದರಿಂದ ಮೊದಲ ಅರ್ಜಿಯನ್ನು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಕೊಡಿ. 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಅಂಥ ಸಂಘ ಇರಬೇಕು. ಪಶುಪಾಲನಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಜಿಲ್ಲಾಧಿಕಾರಿಗಳಿಗೆ ಒಂದು ಪ್ರತಿ ಹಾಕಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ನಾನು ಬರೆಯುವ ಅರ್ಜಿ ಹೀಗಿರುತ್ತದೆ:

“ದಿನಾಂಕ … ರಂದು … ಅಂಗಡಿಯಲ್ಲಿ 40 ಫೈಟರ್ ಮೀನುಗಳನ್ನು ತಲಾ ಸುಮಾರು 200 ಮಿಲಿಲೀಟರ್ ನೀರಿರುವ, 7 ಸೆಂಟಿಮೀಟರ್ ಅಗಲದ ಡಬ್ಬಿಗಳಲ್ಲಿ ಇಟ್ಟಿರುವುದನ್ನು ಕಂಡಿದ್ದೇನೆ. ಮೀನುಗಳ ಉದ್ದ ಬಾಲ ಸೇರಿ 6 ಸೆಂಟಿಮೀಟರ್. ಮೂರು ಡಬ್ಬಿಗಳಲ್ಲಿ ಸತ್ತ ಮೀನುಗಳಿದ್ದವು. ಇದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3 ಮತ್ತು 11(1)(ಇ), (ಕೆ) ಕಲಮುಗಳಿಗೆ ವಿರುದ್ಧ. ಪಶುವೈದ್ಯರಿಂದ ಸ್ಥಳ ಪರಿಶೀಲನೆ ಮಾಡಿಸಿ, ಪ್ರತಿ ಮೀನಿಗೆ ಕನಿಷ್ಠ ಇಷ್ಟು ಲೀಟರ್ ನೀರು ಎಂದು ಲಿಖಿತ ಸೂಚನೆ ಕೊಡಿಸಬೇಕೆಂದು ಕೋರುತ್ತೇನೆ. ಫೋಟೋಗಳನ್ನು ಲಗತ್ತಿಸಿದ್ದೇನೆ.”

‘ಶಿಕ್ಷಿಸಿ’ ಎಂದು ಬರೆಯದೆ ‘ಲಿಖಿತ ಸೂಚನೆ’ ಎಂದು ಕೇಳಿದ್ದರಿಂದ ಒಂದು ಅಂಗಡಿಯ ವಿಷಯದಲ್ಲಿ ಮೂರು ವಾರದಲ್ಲೇ ಪಶುವೈದ್ಯಾಧಿಕಾರಿಯೊಬ್ಬರು ಬಂದರು. ಡಬ್ಬಿಗಳು ಹೋಗಿ ನಾಲ್ಕು ಲೀಟರಿನ ಜಾಡಿಗಳು ಬಂದವು. ಮನೆಯಲ್ಲಿ ಇಡುವುದಾದರೆ ಫೈಟರ್‌ಗೆ ಹದಿನೈದು ಲೀಟರಾದರೂ ಬೇಕು, ಆದರೆ ಮಾರಾಟವಾಗುವವರೆಗಿನ ದಿನಗಳಿಗೆ ಜಾಡಿಯನ್ನು ಒಪ್ಪಿಕೊಂಡೆ. ಸಾಯುವ ಮೀನು ಕಡಿಮೆಯಾಗಿದೆ ಎಂದು ಆರು ತಿಂಗಳ ಮೇಲೆ ಆ ಅಂಗಡಿಯಾತನೇ ನನಗೆ ಹೇಳಿದ. ಅದೇ ಬೀದಿಯ ಇನ್ನೊಂದು ಅಂಗಡಿಯಲ್ಲಿ ಏನೂ ಬದಲಾಗಿಲ್ಲ. ಅಲ್ಲಿಗೆ ಮತ್ತೆ ಹೋಗುತ್ತೇನೆ.

ಕಚೇರಿಗಳಿಗೆ ಅಲೆಯದೆ ಆಗುವ ಕೆಲಸವೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಕಾನೂನು ಹದಿನಾರು ವರ್ಷದೊಳಗಿನ ಮಕ್ಕಳಿಗೆ ಪ್ರಾಣಿ ಮಾರುವುದನ್ನು ತಡೆದಿದೆ, ಮೀನೂ ಅದರಲ್ಲಿ ಸೇರಿದೆ. ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಕೈಗೆ ಫೈಟರ್ ಮೀನಿನ ಡಬ್ಬಿ ಕೊಟ್ಟು ಕಳಿಸುವ ರೂಢಿ ಬಂದಿದೆ. ನಾನು ಕೆಲಸ ಮಾಡುವ ಒಂದು ಅಪಾರ್ಟ್‌ಮೆಂಟಿನ ಸಂಘದವರು ಸಭೆಯಲ್ಲಿ ಒಂದು ಸಾಲಿನ ನಿರ್ಣಯ ಮಾಡಿದರು: ಜೀವ ಇರುವುದನ್ನು ಉಡುಗೊರೆಯಾಗಿ ಹಂಚುವಂತಿಲ್ಲ. ಸೂಚನಾ ಫಲಕದಲ್ಲಿ ಅದು ಎರಡು ವರ್ಷದಿಂದ ಇದೆ, ಅಲ್ಲಿ ಆಮೇಲೆ ಮೀನು ಹಂಚಿಲ್ಲ.

ಮೀನು ಬಂದರೆ ಎಲ್ಲಿ ಇಡುತ್ತೀರಿ

ದೂರು ಕೊಡುವ ಮೊದಲೇ ಇದಕ್ಕೆ ಉತ್ತರ ಸಿದ್ಧವಿರಲಿ. ದನಗಳಿಗೆ ಗೋಶಾಲೆಯಿದೆ, ಮೀನಿಗೆ ನಮ್ಮ ಊರಲ್ಲಿ ಅಂಥ ಆಸರೆ ಇಲ್ಲ. ಅಂಗಡಿಯವನು “ನೀವೇ ಒಯ್ಯಿರಿ” ಎಂದರೆ ಒಯ್ಯಬೇಕಾದವರು ನೀವೇ. ಉಣಕಲ್ ಕೆರೆಗೆ ಬಿಟ್ಟುಬಿಡುತ್ತೇವೆ ಎನ್ನುವವರು ಸಿಗುತ್ತಾರೆ. ಖಂಡಿತ ಬೇಡ. ಸಾಕಿದ ಮೀನನ್ನು ಬಿಟ್ಟುಬಿಡುವುದೂ ಅದೇ ಹನ್ನೊಂದನೆಯ ಕಲಮಿನಲ್ಲಿದೆ. ಜೊತೆಗೆ ತೊಟ್ಟಿಯ ಪಾಚಿ ತಿನ್ನಲೆಂದು ತಂದು ಹಾಗೆ ಬಿಟ್ಟ ಸಕ್ಕರ್ ಮೀನುಗಳು ದಕ್ಷಿಣದ ಎಷ್ಟೋ ಕೆರೆಗಳಲ್ಲಿ ಊರ ಮೀನುಗಳ ಪಾಲಿನ ಆಹಾರ ಕಬಳಿಸಿ ಬೆಳೆದುಕೊಂಡಿವೆ.

ಮೊದಲ ಚೀಟಿ ಬರೆದ ದಿನವೇ ಮನೆಯಲ್ಲಿ ಒಂದು ತೊಟ್ಟಿ ಓಡಿಸಿ. ಹೊಸ ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಸೂಕ್ಷ್ಮಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ಸ್ಪಂಜೊಂದು ಸಿಕ್ಕರೆ ಬೇಗ ಆಗುತ್ತದೆ. ಅದನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಆ ಜೀವಿಗಳು ಸಾಯುತ್ತವೆ. ನಲ್ಲಿಗೆ ಮಲಪ್ರಭಾ ನದಿಯ ನೀರು ಬಂದ ದಿನ ಹಿಡಿದದ್ದಕ್ಕೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿಯೇ ಬಳಸಿ.

ಮೀನು ಬಂದಾಗ ಡಬ್ಬಿಯನ್ನು ಮುಚ್ಚಿದಂತೆಯೇ ತೊಟ್ಟಿಯ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಿಬಿಡಿ, ಎರಡರ ಬಿಸಿಯೂ ಸಮವಾಗಲಿ. ಆಮೇಲೆ ತೊಟ್ಟಿಯ ನೀರನ್ನು ಚಮಚ ಚಮಚವಾಗಿ ಡಬ್ಬಿಗೆ ಹಾಕುತ್ತ ಹತ್ತು ನಿಮಿಷ ಕಾಯಿರಿ. ಮೀನನ್ನು ಮಾತ್ರ ಜಾಲರಿಯಿಂದ ಎತ್ತಿ ಬಿಡಿ, ಡಬ್ಬಿಯ ನೀರು ತೊಟ್ಟಿಗೆ ಬೀಳಬಾರದು. ದೀಪ ಆರಿಸಿ. ಆ ದಿನ ಊಟ ಬೇಡ. ಮರುದಿನ ಬೆಳಿಗ್ಗೆ ಒಂದೇ ಒಂದು ಕಾಳು ಹಾಕಿ, ದೂರ ನಿಂತು ನೋಡಿ. ಮೇಲೆ ಬಂದು ತೆಗೆದುಕೊಂಡರೆ ಇನ್ನೊಂದು ಹಾಕಿ.